ಹಸಿರಿನಲ್ಲೇ ನಿಂತ ಮುಳ್ಳು

ಆಸ್ಪತ್ರೆಯೊಂದಕ್ಕೆ ಬೆಂಕಿ ಬಿದ್ದ ಮರುದಿನ ಹೊರಡುವ ಸರ್ಕಾರಿ ಆದೇಶವನ್ನು ನಾವೆಲ್ಲ ಬಾಯಿಪಾಠ ಒಪ್ಪಿಸಬಲ್ಲೆವು. ಮೃತರ ಕುಟುಂಬಕ್ಕೆ ಪರಿಹಾರ, ತನಿಖೆಗೆ ಸಮಿತಿ, ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲೂ ಫೈರ್ ಆಡಿಟ್. ಮೊದಲನೆಯದರ ಮೊತ್ತದ ಬಗ್ಗೆ ಜಗಳವಾಗುತ್ತದೆ, ಎರಡನೆಯದರ ಸದಸ್ಯರ ಬಗ್ಗೆ ತಕರಾರು ಏಳುತ್ತದೆ. ಮೂರನೆಯದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಆಡಳಿತ ಪಕ್ಷ ಆದೇಶಿಸುತ್ತದೆ, ವಿರೋಧ ಪಕ್ಷ ಇಷ್ಟು ದಿನ ಯಾಕೆ ಮಾಡಿಸಲಿಲ್ಲ ಎನ್ನುತ್ತದೆ, ಸಂಪಾದಕೀಯಗಳು ಕಾಟಾಚಾರಕ್ಕೆ ಆಗದಿರಲಿ ಎಂದು ಹರಸುತ್ತವೆ. ಇಷ್ಟು ಸರ್ವಾನುಮತದ ಕೀರ್ತಿ ಪಡೆದ ಯಾವುದನ್ನಾದರೂ ಒಮ್ಮೆ ಬಿಚ್ಚಿ ನೋಡುವುದು ವಿಮರ್ಶೆಯ ಕೆಲಸ. ನನ್ನ ಮಟ್ಟಿಗೆ ಆಸ್ಪತ್ರೆಗಳ ಫೈರ್ ಆಡಿಟ್ ಎಂಬುದು ನಮ್ಮ ಕಾಲದಲ್ಲಿ ಯೋಗ್ಯತೆಗೆ ಮೀರಿ ಹೊಗಳಿಸಿಕೊಂಡ ಗದ್ಯಪ್ರಕಾರ. ಅದರ ನೆರಳಿನಲ್ಲಿ ಮೂಲೆಗುಂಪಾದದ್ದು ಒಂದು ಸಣ್ಣ, ಬೇಸರ ಹಿಡಿಸುವ, ಯಾರ ಹೆಸರನ್ನೂ ಪತ್ರಿಕೆಗೆ ತರದ ಕೆಲಸ: ಉಪಕರಣವನ್ನು ನಿಗದಿತ ದಿನ ನಿಜವಾಗಿ ಓಡಿಸಿ ನೋಡುವುದು, ಕೆಟ್ಟಿದ್ದರೆ ಕೆಟ್ಟಿದೆ ಎಂದು ಬರೆಯುವುದು.

ಕೋಲ್ಕತ್ತದ ಎಎಂಆರ್‌ಐ (2011), ಭುವನೇಶ್ವರದ ಸಮ್ (2016), ಅಹಮದಾಬಾದಿನ ಶ್ರೇಯ್, ರಾಜಕೋಟ್ (2020), ಒಂದೇ ವರ್ಷದೊಳಗೆ ಭಂಡಾರ, ವಿರಾರ್, ಭರೂಚ್, ಅಹಮದ್‌ನಗರ (2021), ದೆಹಲಿಯ ವಿವೇಕ್ ವಿಹಾರ, ಝಾನ್ಸಿ (2024), ಜೈಪುರ (2025). ಬೆಂಕಿ ಬಿದ್ದ ಆಸ್ಪತ್ರೆಗಳ ಈ ಪಟ್ಟಿಯ ವಿವರ ಓದುಗರಿಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ನನಗೆ ಮುಖ್ಯವಾದದ್ದು ಈ ಪಟ್ಟಿಯ ನಡುವೆ ಬರುವ ಒಂದು ದಾಖಲೆ. ರಾಜಕೋಟ್ ದುರಂತದ ನಂತರ ಸುಪ್ರೀಂ ಕೋರ್ಟ್ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡು 2020ರ ಡಿಸೆಂಬರ್ 18ರಂದು ವಿಸ್ತಾರವಾದ ನಿರ್ದೇಶನ ಕೊಟ್ಟಿತು. ಪ್ರತಿ ಕೋವಿಡ್ ಆಸ್ಪತ್ರೆಗೂ ಅಗ್ನಿ ಸುರಕ್ಷತೆಗೆಂದೇ ಒಬ್ಬ ನೋಡಲ್ ಅಧಿಕಾರಿ ಇರಬೇಕು, ಪ್ರತಿ ಜಿಲ್ಲೆಯಲ್ಲೂ ಒಂದು ಸಮಿತಿ ತಿಂಗಳಿಗೊಮ್ಮೆಯಾದರೂ ಪ್ರತಿ ಕೋವಿಡ್ ಆಸ್ಪತ್ರೆಯ ಫೈರ್ ಆಡಿಟ್ ಮಾಡಬೇಕು, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇಲ್ಲದವರು ಅದನ್ನು ಪಡೆಯಬೇಕು. ಆದೇಶವನ್ನು ಎಲ್ಲರೂ ಕೊಂಡಾಡಿದರು. ಕೊಂಡಾಡಬೇಕಾದದ್ದೇ, ಉದ್ದೇಶದಲ್ಲಿ ಕೊರತೆಯಿರಲಿಲ್ಲ. ಆದರೆ ಅದು ಹೊರಟ ಮೇಲೆ 2021ರ ಏಪ್ರಿಲ್ 23ರಂದು ವಿರಾರ್‌ನ ಕೋವಿಡ್ ಐಸಿಯು ಉರಿಯಿತು, ಮೇ 1ರಂದು ಭರೂಚ್‌ನ ಕೋವಿಡ್ ವಾರ್ಡ್ ಉರಿಯಿತು, ನವೆಂಬರ್ 6ರಂದು ಅಹಮದ್‌ನಗರದ ಜಿಲ್ಲಾಸ್ಪತ್ರೆಯ ಕೋವಿಡ್ ಐಸಿಯು ಉರಿಯಿತು. ತಿಂಗಳ ಆಡಿಟ್ ಎಲ್ಲಿಯೂ ಸರಿಯಾಗಿ ಆಗಲೇ ಇಲ್ಲ, ಆಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ವಾದಿಸುವವರಿದ್ದಾರೆ. ಅವರಿಗೆ ಝಾನ್ಸಿಯನ್ನು ತೋರಿಸಬೇಕು.

2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ಮಹಾರಾಣಿ ಲಕ್ಷ್ಮೀಬಾಯಿ ವೈದ್ಯಕೀಯ ಕಾಲೇಜಿನ ನವಜಾತ ಶಿಶುಗಳ ಐಸಿಯುಗೆ ಬೆಂಕಿ ಬಿತ್ತು. ಆ ರಾತ್ರಿಯೇ 10 ಶಿಶುಗಳು ಸತ್ತವು. ಮರುದಿನ ಅಲ್ಲಿಗೆ ಹೋದ ಉತ್ತರ ಪ್ರದೇಶದ ಉಪ ಮುಖ್ಯಮಂತ್ರಿ ಬ್ರಜೇಶ್ ಪಾಠಕ್ ಪತ್ರಕರ್ತರಿಗೆ ಹೇಳಿದ ಮಾತಿನ ಸಾರ ಇಷ್ಟು: ಫೆಬ್ರವರಿಯಲ್ಲಿ ಇಲ್ಲಿ ಫೈರ್ ಆಡಿಟ್ ಆಗಿತ್ತು, ಜೂನ್‌ನಲ್ಲಿ ಅಣಕು ಕಾರ್ಯಾಚರಣೆ ನಡೆದಿತ್ತು. ಅವಧಿ ಮೀರಿದ ಸಿಲಿಂಡರುಗಳೆಂದು ಮಾಧ್ಯಮಗಳು ಚಿತ್ರ ತೋರಿಸಿದವು, ಆಸ್ಪತ್ರೆಯ ಕಡೆಯವರು ಅಲ್ಲಗಳೆದರು. ಆ ಜಗಳದಲ್ಲಿ ನಾನು ಪಂಚಾಯಿತಿ ಮಾಡಲು ಹೋಗುವುದಿಲ್ಲ. ಉಪ ಮುಖ್ಯಮಂತ್ರಿಯ ಮಾತನ್ನು ಅಕ್ಷರಶಃ ನಂಬುತ್ತೇನೆ. ನಂಬಿದರೇ ಪ್ರಶ್ನೆ ಹೆಚ್ಚು ಮೊನಚಾಗುತ್ತದೆ. ಆಡಿಟ್ ಆಗಿತ್ತು, ಸರಿ. ಅದರಲ್ಲಿ ಏನು ಕೆಟ್ಟಿದೆ ಎಂದು ಬರೆದಿತ್ತು? ಬರೆದದ್ದನ್ನು ಯಾವ ತಿಂಗಳು ಸರಿಪಡಿಸಿದರು? ಜೂನ್‌ನ ಅಣಕು ಕಾರ್ಯಾಚರಣೆಯಲ್ಲಿ ಶಿಶುಗಳ ವಾರ್ಡಿನಿಂದ ಯಾರು ಯಾರನ್ನು ಯಾವ ಬಾಗಿಲಿನಿಂದ ಹೊರಗೆ ತಂದರು, ಎಷ್ಟು ನಿಮಿಷ ಹಿಡಿಯಿತು? ಈ ಪ್ರಶ್ನೆಗಳನ್ನು ಅಲ್ಲಿದ್ದವರು ಕೇಳಲಿಲ್ಲ ಎಂದು ಬೈಯಬೇಕಿಲ್ಲ. ಆಡಿಟ್ ಆಗಿದೆ ಎಂಬುದೇ ಒಂದು ಪೂರ್ಣ ಉತ್ತರ ಎಂದು ನಾವೆಲ್ಲ ಒಪ್ಪಿಕೊಂಡು ಬಹಳ ಕಾಲವಾಯಿತು.

ಆಡಿಟ್ ನಮೂನೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಳಗಿನ ಪ್ರಶ್ನೆಗಳು ಮಾತ್ರ ಎಲ್ಲೆಡೆ ಒಂದೇ ಮೂರು ಬಗೆಯವು: ಇದೆಯೇ, ಎಷ್ಟಿವೆ, ಯಾವ ದಿನಾಂಕದವರೆಗೆ. ಸಿಲಿಂಡರ್ ಇದೆಯೇ, ಹೈಡ್ರಂಟ್ ಎಷ್ಟು, ವಾರ್ಷಿಕ ನಿರ್ವಹಣಾ ಗುತ್ತಿಗೆ (ಎಎಂಸಿ) ಯಾವಾಗ ಮುಗಿಯುತ್ತದೆ. ಮೂರಕ್ಕೂ ಕಣ್ಣು ಉತ್ತರ ಕೊಡುತ್ತದೆ, ಕೈ ಬೇಕಾಗುವುದಿಲ್ಲ. ಯಾವ ವಾಲ್ವನ್ನೂ ತಿರುಗಿಸದೆ, ಯಾವ ಸ್ವಿಚ್ಚನ್ನೂ ಆರಿಸದೆ, ಮಧ್ಯಾಹ್ನದ ಊಟದೊಳಗೆ ಒಂದು ಜಿಲ್ಲಾಸ್ಪತ್ರೆಯನ್ನು ಪ್ರಾಮಾಣಿಕವಾಗಿಯೇ ಆಡಿಟ್ ಮಾಡಿ ಮುಗಿಸಬಹುದು. ಇದು ಜಾತಕ ನೋಡಿ ಜ್ವರ ಅಳೆದ ಹಾಗೆ.

ಇದನ್ನು ಸಾಬೀತುಪಡಿಸಲು ಒಂದೇ ಒಂದು ಸಿಲಿಂಡರಿನ ಮುಂದೆ ನಿಲ್ಲೋಣ. ವಾರ್ಡಿನ ಬಾಗಿಲ ಪಕ್ಕದ ಗೋಡೆಯಲ್ಲಿ ತೂಗುವ ಕೆಂಪು ಎಬಿಸಿ ಪೌಡರ್ ಸಿಲಿಂಡರ್. ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಟ್ಯಾಗ್: ತುಂಬಿಸಿದ ದಿನ, ಮುಂದಿನ ದಿನ, ಸಹಿ. ವಾಲ್ವಿನ ಪಕ್ಕ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಗೇಜು, ಅದರಲ್ಲಿ ಒಂದು ಹಸಿರು ಪಟ್ಟಿ, ಪಟ್ಟಿಯ ಮೇಲೆ ಮುಳ್ಳು. ತಪಾಸಣೆಗೆ ಬಂದವರು ಬಗ್ಗಿ ಮುಳ್ಳು ನೋಡುತ್ತಾರೆ, ಟ್ಯಾಗ್ ತಿರುಗಿಸಿ ನೋಡುತ್ತಾರೆ, ನಮೂನೆಯಲ್ಲಿ ಟಿಕ್ ಹಾಕುತ್ತಾರೆ, ಮುಂದಿನ ಗೋಡೆಗೆ ಹೋಗುತ್ತಾರೆ.

ಮುಳ್ಳು ಹೇಳಿದ್ದೇನು? ಒಳಗಿನ ಗಾಳಿಯ ಒತ್ತಡ ಸರಿಯಿದೆ ಎಂದು. ಪುಡಿಯ ಬಗ್ಗೆ ಅದು ಒಂದಕ್ಷರವನ್ನೂ ಹೇಳಿಲ್ಲ. ಬೆಂಕಿ ಆರಿಸುವುದು ಪುಡಿ, ಒತ್ತಡದ ಕೆಲಸ ಅದನ್ನು ಹೊರಗೆ ತಳ್ಳುವುದಷ್ಟೇ. ವರ್ಷಗಟ್ಟಲೆ ಒಂದೇ ಮೊಳೆಗೆ ನೇತುಬಿದ್ದ ಸಿಲಿಂಡರಿನಲ್ಲಿ ಪುಡಿ ತಳಕ್ಕೆ ಕೂತು ಬಿಗಿಯುತ್ತದೆ. ತುಂಬಿಸುವಾಗ ತೇವ ಸೇರಿದ್ದರಂತೂ ಹೆಪ್ಪುಗಟ್ಟುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದ ಗಾಳಿಯಲ್ಲಿ ಮುಚ್ಚಳ ತೆಗೆದು ಪುಡಿ ತುಂಬಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಂಥ ಸಿಲಿಂಡರಿನ ಪಿನ್ ಎಳೆದು ಹಿಡಿಕೆ ಒತ್ತಿದರೆ ಅನಿಲ ಗಟ್ಟಿಯಾದ ಪುಡಿಯ ನಡುವೆ ಒಂದು ಸುರಂಗ ಕೊರೆದುಕೊಂಡು ಬುಸ್ಸೆಂದು ಹೋಗಿಬಿಡುತ್ತದೆ, ಪುಡಿ ತಳದಲ್ಲೇ ಉಳಿಯುತ್ತದೆ. ಹಿಡಿಕೆ ಒತ್ತುವ ಕ್ಷಣದವರೆಗೂ ಮುಳ್ಳು ಹಸಿರಿನಲ್ಲೇ ಇರುತ್ತದೆ. ಇನ್ನು ಮುಳ್ಳೇ ತುಕ್ಕು ಹಿಡಿದು ಅಲ್ಲಿಯೇ ಸಿಕ್ಕಿಕೊಂಡಿದ್ದರೆ ಖಾಲಿ ಸಿಲಿಂಡರೂ ಹಸಿರನ್ನೇ ತೋರಿಸುತ್ತದೆ. ಕಣಜ ಮಣ್ಣು ಮೆತ್ತಿ ಮುಚ್ಚಿದ ನಳಿಕೆಯ ತುದಿಯನ್ನು, ಜಂಗು ಹಿಡಿದು ಎಳೆದರೂ ಬಾರದ ಪಿನ್ನನ್ನು ಬಗ್ಗಿ ನೋಡಿದವರ ಕಣ್ಣು ಹಿಡಿಯುವುದಿಲ್ಲ. ಸಿಲಿಂಡರನ್ನು ಗೋಡೆಯಿಂದ ಇಳಿಸಬೇಕು, ತಲೆಕೆಳಗು ಮಾಡಿ ಅಲ್ಲಾಡಿಸಬೇಕು, ಪುಡಿ ಒಳಗೆ ಜಾರುವುದು ಕೈಗೆ ತಿಳಿಯಬೇಕು. ಒಂದು ಸಿಲಿಂಡರಿಗೆ ಎರಡು ನಿಮಿಷದ ಕೆಲಸ. ಆಡಿಟ್ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಪಕ್ಕದ ವಿದ್ಯುತ್ ಪ್ಯಾನೆಲ್ಲಿನ ಬಳಿ, ಐಸಿಯು ಒಳಗೆ ಇರುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಕಥೆ ಇನ್ನೂ ವಿಚಿತ್ರ. ಅದಕ್ಕೆ ಗೇಜೇ ಇರುವುದಿಲ್ಲ. ಅನಿಲ ಇದೆಯೋ ಸೋರಿಹೋಗಿದೆಯೋ ಎಂದು ತಿಳಿಯಲು ತೂಗುವುದೊಂದೇ ದಾರಿ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೈಮೇಲೆಯೇ ಕೊರೆದಿರುತ್ತಾರೆ. ಇರಬೇಕಾದ ಅನಿಲದಲ್ಲಿ ಶೇಕಡ 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. 4.5 ಕೆ.ಜಿ.ಯ ಸಿಲಿಂಡರಿನಲ್ಲಿ ಅದು 450 ಗ್ರಾಂ. ನಮ್ಮ ಆಸ್ಪತ್ರೆಗಳ ಶಿಶು ಐಸಿಯುಗಳಲ್ಲಿ ಒಂದೂಕಾಲು ಕೆ.ಜಿ.ಯ ಮಗುವನ್ನು ದಿನವೂ ತೂಗಿ, ಇಪ್ಪತ್ತು ಗ್ರಾಂ ಇಳಿದರೂ ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಅದೇ ಕೋಣೆಯ ಗೋಡೆಯಲ್ಲಿರುವ ಸಿಲಿಂಡರಿನ ತೂಕವನ್ನು ಕೊನೆಯ ಬಾರಿ ಯಾರು, ಯಾವಾಗ ನೋಡಿದರು ಎಂದು ಕೇಳಿದರೆ ಎಂಜಿನಿಯರಿಂಗ್ ವಿಭಾಗದ ಕಡೆಗೆ ಕೈ ತೋರಿಸುತ್ತಾರೆ. ಎಂಜಿನಿಯರಿಂಗ್ ವಿಭಾಗ ಎಎಂಸಿ ಪಡೆದ ಕಂಪನಿಯ ಕಡೆಗೆ, ಕಂಪನಿ ಟ್ಯಾಗಿನ ಕಡೆಗೆ.

ಹಾಗಾಗಿ ಟ್ಯಾಗನ್ನೇ ಓದೋಣ. ಸಿಲಿಂಡರುಗಳ ನಿರ್ವಹಣೆಗೆ ನಮ್ಮಲ್ಲಿ ಐಎಸ್ 2190 ಎಂಬ ಸಂಹಿತೆ ಇದೆ. ಅದರ 2010ರ ಆವೃತ್ತಿಯ ಪ್ರಕಾರ ನೀರು ಮತ್ತು ಪುಡಿಯ ಸಿಲಿಂಡರುಗಳಿಗೆ 3 ವರ್ಷಕ್ಕೊಮ್ಮೆ, ಕಾರ್ಬನ್ ಡೈಆಕ್ಸೈಡಿನವಕ್ಕೆ 5 ವರ್ಷಕ್ಕೊಮ್ಮೆ ಹೈಡ್ರಾಲಿಕ್ ಒತ್ತಡ ಪರೀಕ್ಷೆ ಆಗಬೇಕು. ಮೊದಲ ಬಗೆಯವಕ್ಕೆ 10 ವರ್ಷ, ಎರಡನೆಯದಕ್ಕೆ 15 ವರ್ಷ ಆಯುಸ್ಸು. ಈ ಪರೀಕ್ಷೆ ಮಾಡಬೇಕಾದರೆ ಸಿಲಿಂಡರನ್ನು ಖಾಲಿ ಮಾಡಿ, ವಾಲ್ವ್ ಬಿಚ್ಚಿ, ನೀರು ತುಂಬಿ ಒತ್ತಡಕ್ಕೆ ಏರಿಸಿ, ಒಣಗಿಸಿ, ಮತ್ತೆ ತುಂಬಿಸಬೇಕು. ಈಗ ಯಾವುದಾದರೂ ಆಸ್ಪತ್ರೆಯ ಒಂದು ಮಹಡಿಯ ಟ್ಯಾಗುಗಳನ್ನು ಸಾಲಾಗಿ ನೋಡಿ. ಎಲ್ಲದರಲ್ಲೂ ಒಂದೇ ದಿನಾಂಕ, ಒಂದೇ ಪೆನ್ನು, ಒಂದೇ ಓಟದಲ್ಲಿ ಹಾಕಿದ ಸಹಿ. ಅಷ್ಟೂ ಸಿಲಿಂಡರುಗಳು ಒಂದೇ ದಿನ ಕಟ್ಟಡದಿಂದ ಹೊರಗೆ ಹೋಗಿ ಬಂದಿದ್ದರೆ ಆ ದಿನ ಗೋಡೆಗಳಲ್ಲಿ ಏನಿತ್ತು? ಬದಲಿ ಸಿಲಿಂಡರ್ ತಂದಿಟ್ಟಿದ್ದರೆ ಅದರ ಚಲನ್ ಎಲ್ಲಿ? ಹೊರಗೆ ಹೋಗಲೇ ಇಲ್ಲ ಎಂದಾದರೆ ಪರೀಕ್ಷೆ ಆದದ್ದು ಎಲ್ಲಿ? ಈ ಮೂರು ಪ್ರಶ್ನೆ ಕೇಳಿದ ಆಡಿಟ್ ವರದಿಯನ್ನು ನಾನು ಇದುವರೆಗೆ ಓದಿಲ್ಲ. ಟ್ಯಾಗಿನ ದಿನಾಂಕ ಮುಗಿದಿದೆಯೇ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ಝಾನ್ಸಿಯ ನಂತರ ಟಿವಿಗಳು ಹಿಡಿದದ್ದೂ ಅದನ್ನೇ. ದಿನಾಂಕ ಮುಗಿಯದ ಸಿಲಿಂಡರ್ ಸರಿಯಾಗಿರುತ್ತದೆ ಎಂಬ ನಂಬಿಕೆಯಲ್ಲಿ ಆಸ್ಪತ್ರೆಯವರೂ ಆಸ್ಪತ್ರೆಯನ್ನು ಬೈಯುವವರೂ ಒಂದಾಗಿದ್ದಾರೆ.

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಪಂಪ್ ರೂಮಿನ ರಿಜಿಸ್ಟರನ್ನು ನಾನು ಕಾದಂಬರಿ ಓದುವಷ್ಟು ಶ್ರದ್ಧೆಯಿಂದ ಓದಿದ್ದೇನೆ. ಕಾಲಂಗಳು ಚೆನ್ನಾಗಿದ್ದವು: ದಿನಾಂಕ, ಜಾಕಿ ಪಂಪ್, ಮೇನ್ ಪಂಪ್, ಡೀಸೆಲ್ ಪಂಪ್, ಒತ್ತಡ, ಬ್ಯಾಟರಿ, ಡೀಸೆಲ್ ಮಟ್ಟ, ಷರಾ, ಸಹಿ. ಪ್ರತಿ ಸೋಮವಾರದ ನಮೂದು. ಒತ್ತಡ ಎಲ್ಲ ವಾರವೂ 7.0. ಒಮ್ಮೆಯೂ 6.8 ಆಗಿಲ್ಲ, 7.1 ಆಗಿಲ್ಲ. ಷರಾದಲ್ಲಿ ಮೊದಲ ಸಾಲಿಗೆ ಓಕೆ, ಕೆಳಗೆಲ್ಲ ಅದೇ ಎಂಬ ಗುರುತು. ಡೀಸೆಲ್ ಪಂಪ್ ವಾರವಾರವೂ ಹತ್ತು ನಿಮಿಷ ಓಡಿದೆ ಎಂದು ಬರೆದಿದೆ, ಡೀಸೆಲ್ ಮಟ್ಟ ವಾರವಾರವೂ ಫುಲ್. ಡೀಸೆಲ್ ಕೊಂಡು ಹಾಕಿದ ನಮೂದು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಎಣ್ಣೆ ಕುಡಿಯದೆ ಓಡುವ ಎಂಜಿನ್ ಆ ನೆಲಮಾಳಿಗೆಯಲ್ಲಿದ್ದರೆ ಅದನ್ನು ಬೆಂಕಿ ಆರಿಸಲು ಇಟ್ಟುಕೊಳ್ಳುವುದೇ ವ್ಯರ್ಥ, ರಫ್ತು ಮಾಡಬೇಕು. ಆ ರಿಜಿಸ್ಟರಿನ ಪುಟಗಳ ಮೇಲೆ ತಪಾಸಣೆಗೆ ಬಂದ ಎರಡು ಬೇರೆ ಬೇರೆ ತಂಡಗಳ ಸಹಿ ಮತ್ತು ಮೊಹರು ಇದ್ದವು. ಅವರು ಲಂಚ ತಿಂದಿದ್ದರು ಎಂದು ನಾನು ಹೇಳಲಾರೆ. ರಿಜಿಸ್ಟರ್ ಇದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು, ಇತ್ತು.

ಪಂಪಿನ ನಿಜವಾದ ಪರೀಕ್ಷೆ ಹೇಗಿರುತ್ತದೆ ಎಂದು ಗೊತ್ತಿದ್ದರೆ ಆ ಪುಟ ಎಷ್ಟು ಪೊಳ್ಳು ಎಂದು ಕಾಣುತ್ತದೆ. ಪಂಪುಗಳನ್ನು ಆಟೋದಲ್ಲಿಟ್ಟು ಟೆಸ್ಟ್ ವಾಲ್ವ್ ತೆರೆಯಬೇಕು. ಪೈಪಿನ ಒತ್ತಡ ಇಳಿಯಬೇಕು, ಮೊದಲು ಪುಟ್ಟ ಜಾಕಿ ಪಂಪ್ ತಾನೇ ಓಡಬೇಕು, ಇನ್ನಷ್ಟು ಇಳಿದರೆ ಮೇನ್ ಪಂಪ್ ಏಳಬೇಕು, ಎದ್ದ ಮೇಲೆ ಮನುಷ್ಯ ನಿಲ್ಲಿಸುವವರೆಗೆ ನಿಲ್ಲಬಾರದು. ಆಮೇಲೆ ಮೇನ್ ಪಂಪಿನ ವಿದ್ಯುತ್ ತೆಗೆದು, ಡೀಸೆಲ್ ಪಂಪ್ ತಾನಾಗಿ ಎದ್ದೇಳುತ್ತದೆಯೇ ಎಂದು ಕಾಯಬೇಕು. ಆ ಕಾಯುವ ಕೆಲವು ಸೆಕೆಂಡುಗಳೇ ಪರೀಕ್ಷೆಯ ಜೀವ, ಬ್ಯಾಟರಿ ಸತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ. ಇದಾದ ಮೇಲೆ ಒಬ್ಬ ತಾರಸಿಗೆ ಹತ್ತಿ ಕೊನೆಯ ಹೈಡ್ರಂಟಿಗೆ ಗೇಜು ಹಾಕಿ, ಅಲ್ಲಿ ಚದರ ಸೆಂಟಿಮೀಟರಿಗೆ 3.5 ಕೆ.ಜಿ. ಒತ್ತಡವಾದರೂ ಬರುತ್ತದೆಯೇ ಎಂದು ನೋಡಬೇಕು. ನೆಲಮಾಳಿಗೆಯಲ್ಲಿ 7.0 ಇದ್ದು, ನಡುವಿನ ಯಾವುದೋ ಮಹಡಿಯಲ್ಲಿ ಪ್ಲಂಬರ್ ಮುಚ್ಚಿ ಮರೆತ ವಾಲ್ವಿನಿಂದಾಗಿ ಮೇಲೆ ಸೊನ್ನೆ ಇರುವ ಕಟ್ಟಡಗಳು ಬೇಕಾದಷ್ಟಿವೆ. ಇನ್ನೊಂದು ಚಾಳಿ ಎಲ್ಲ ಪಂಪ್ ಆಪರೇಟರುಗಳಿಗೂ ಗೊತ್ತು. ಎಲ್ಲೋ ಸಣ್ಣ ಸೋರಿಕೆಯಿಂದ ನಡುರಾತ್ರಿ ಪಂಪ್ ಓಡಿ ಗಲಾಟೆಯಾಗುತ್ತದೆಂದು ಸ್ವಿಚ್ಚನ್ನು ಆಟೋದಿಂದ ಮ್ಯಾನುಯಲ್‌ಗೆ ತಿರುಗಿಸಿಡುವುದು. ನಾನು ಓದಿದ ರಿಜಿಸ್ಟರಿನಲ್ಲಿ ಆ ಸ್ವಿಚ್ ಎಲ್ಲಿತ್ತು ಎಂಬುದಕ್ಕೆ ಕಾಲಮೇ ಇರಲಿಲ್ಲ.

ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸೋಲು ದಾಖಲಾಗದ ರಿಜಿಸ್ಟರ್, ಪರೀಕ್ಷೆಯೇ ಆಗಿಲ್ಲ ಎಂಬುದಕ್ಕೆ ಸಾಕ್ಷಿ. ಯಂತ್ರಗಳು ಕೆಡುತ್ತವೆ. ವರ್ಷವಿಡೀ ಏನೂ ಕೆಡಲಿಲ್ಲ ಎಂದರೆ ಯಾರೂ ಮುಟ್ಟಿ ನೋಡಲಿಲ್ಲ ಎಂದೇ ಅರ್ಥ. ಈ ತತ್ವ ಆಸ್ಪತ್ರೆಯವರಿಗೆ ಹೊಸದೇನಲ್ಲ. ಅದೇ ಕಟ್ಟಡದ ಲ್ಯಾಬಿನಲ್ಲಿ ಕಂಟ್ರೋಲ್ ಸ್ಯಾಂಪಲ್ಲಿನ ಅಂಕಿ ದಿನವೂ ದಶಮಾಂಶದವರೆಗೆ ಒಂದೇ ಬಂದರೆ ಪೆಥಾಲಜಿಸ್ಟ್ ಟೆಕ್ನಿಷಿಯನ್ನನ್ನು ಕರೆದು ವಿಚಾರಿಸುತ್ತಾರೆ. ಲಸಿಕೆಯ ಫ್ರಿಜ್ಜಿನ ತಾಪಮಾನದ ಚಾರ್ಟು ಗೆರೆ ಎಳೆದಂತೆ ನೇರವಾಗಿದ್ದರೆ ಅದನ್ನು ಕುರ್ಚಿಯಲ್ಲಿ ಕೂತು ಬರೆದದ್ದೆಂದು ನರ್ಸಿಂಗ್ ಸೂಪರಿಂಟೆಂಡೆಂಟರು ಒಂದೇ ನೋಟಕ್ಕೆ ಹೇಳುತ್ತಾರೆ. ಕೋಡ್ ಬ್ಲೂ ಟ್ರಾಲಿಯ ಡಿಫಿಬ್ರಿಲೇಟರನ್ನು ನಿತ್ಯ ಚಾರ್ಜ್ ಮಾಡಿ ನೋಡುವ ಸಂಸ್ಥೆಯೇ ಬೆಂಕಿಯ ವಿಷಯಕ್ಕೆ ಬಂದಾಗ ತನ್ನ ವೈಜ್ಞಾನಿಕ ಬುದ್ಧಿಯನ್ನು ನೆಲಮಾಳಿಗೆಯಲ್ಲಿ ಬಿಟ್ಟು ಬರುತ್ತದೆ.

ಇಲ್ಲಿ ಬೇರೆ ವಿಮರ್ಶಕರೊಂದಿಗೆ ನನ್ನ ಜಗಳ ಶುರುವಾಗುತ್ತದೆ. ಎಲ್ಲವನ್ನೂ ಭ್ರಷ್ಟಾಚಾರದ ಖಾತೆಗೆ ಜಮೆ ಮಾಡುವವರು ಮೊದಲ ಗುಂಪು. ಇವರ ಬರಹ ಓದಲು ರೋಚಕವಾಗಿರುತ್ತದೆ. ಇನ್ಸ್‌ಪೆಕ್ಟರ್ ಬಂದ, ಕವರ್ ಪಡೆದ, ಸಹಿ ಹಾಕಿದ, ಮಕ್ಕಳು ಸತ್ತವು. ಲಂಚ ಇಲ್ಲ ಎನ್ನುವ ಮುಗ್ಧತೆ ನನಗಿಲ್ಲ. ಆದರೆ ಈ ವಾದದ ಅಡಿಯಲ್ಲಿ ಒಂದು ಸಮಾಧಾನ ಅಡಗಿದೆ: ಪ್ರಾಮಾಣಿಕ ಇನ್ಸ್‌ಪೆಕ್ಟರ್ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹೋಗುತ್ತಿರಲಿಲ್ಲ. ಹರಿಶ್ಚಂದ್ರನೇ ಬಂದು ಆ ನಮೂನೆ ತುಂಬಿದರೂ ಹೆಪ್ಪುಗಟ್ಟಿದ ಪುಡಿಯ ಸಿಲಿಂಡರ್ ಪಾಸಾಗುತ್ತಿತ್ತು, ಏಕೆಂದರೆ ನಮೂನೆ ಪುಡಿಯ ಬಗ್ಗೆ ಕೇಳುವುದೇ ಇಲ್ಲ. ಕೆಟ್ಟ ಮನುಷ್ಯನನ್ನು ಹುಡುಕುವ ಆತುರದಲ್ಲಿ ಕೆಟ್ಟ ಪ್ರಶ್ನೆಪತ್ರಿಕೆ ತಪ್ಪಿಸಿಕೊಳ್ಳುತ್ತದೆ.

ಕಾನೂನು ಸಾಲದು, ಎನ್‌ಒಸಿ ಕಡ್ಡಾಯವಾಗಲಿ ಎನ್ನುವವರು ಎರಡನೆಯ ಗುಂಪು. ವಿವೇಕ್ ವಿಹಾರದ ಶಿಶು ಆಸ್ಪತ್ರೆ ಇವರ ಪ್ರಿಯ ಉದಾಹರಣೆ. ದೆಹಲಿಯ ನಿಯಮದಲ್ಲಿ 9 ಮೀಟರಿಗಿಂತ ತಗ್ಗಿನ ಆಸ್ಪತ್ರೆ ಕಟ್ಟಡಕ್ಕೆ ಅಗ್ನಿಶಾಮಕ ಎನ್‌ಒಸಿಯ ಅಗತ್ಯವೇ ಇರಲಿಲ್ಲ ಎಂದು ಅವರು ಎತ್ತಿ ತೋರಿಸಿದ್ದು ನ್ಯಾಯವೇ. ಬೆಂಗಳೂರಿನಲ್ಲೂ 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತ ಮೇಲೆ ನಮ್ಮ ಸಾರ್ವಜನಿಕ ಚರ್ಚೆ ಹೆಚ್ಚುಕಡಿಮೆ ಎನ್‌ಒಸಿಯ ಸುತ್ತಲೇ ತಿರುಗಿದೆ. ಆದರೆ ಎನ್‌ಒಸಿ ಕಟ್ಟಡದ ಜನ್ಮಪತ್ರ. ಹೈಡ್ರಂಟ್ ಹಾಕಿದ್ದಾರೆ, ಮೆಟ್ಟಿಲು ಎರಡಿವೆ ಎಂದು ಆ ದಿನದ ಮಟ್ಟಿಗೆ ಹೇಳುವ ಕಾಗದ. ನಂತರದ ಬದುಕಿಗೂ ಕಾನೂನು ಬರೆದ ರಾಜ್ಯ ಒಂದಿದೆ, ಅದು ಮಹಾರಾಷ್ಟ್ರ. ಅಲ್ಲಿನ 2006ರ ಅಗ್ನಿ ನಿರೋಧಕ ಮತ್ತು ಜೀವರಕ್ಷಕ ಕ್ರಮಗಳ ಕಾಯ್ದೆಯ ಪ್ರಕಾರ ಕಟ್ಟಡದ ಮಾಲೀಕರು ಪ್ರತಿ ಜನವರಿ ಮತ್ತು ಜುಲೈನಲ್ಲಿ, ವರ್ಷಕ್ಕೆ ಎರಡು ಬಾರಿ, ಉಪಕರಣಗಳು ಕೆಲಸ ಮಾಡುವ ಸ್ಥಿತಿಯಲ್ಲಿವೆ ಎಂದು ಲೈಸೆನ್ಸ್ ಪಡೆದ ಏಜೆನ್ಸಿಯಿಂದ ಪ್ರಮಾಣಪತ್ರ ತಂದು ಸಲ್ಲಿಸಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಲ್ಪಿಸಿಕೊಳ್ಳುವುದು ಕಷ್ಟ. 2021ರಲ್ಲಿ ಭಂಡಾರ, ವಿರಾರ್, ಅಹಮದ್‌ನಗರ ಮೂರೂ ಉರಿದದ್ದು ಈ ಕಾಯ್ದೆಯ ನೆರಳಿನಲ್ಲೇ.

ಆ ಪ್ರಮಾಣಪತ್ರದ ರಚನೆಯನ್ನು ಸ್ವಲ್ಪ ಗಮನಿಸಿ. ಏಜೆನ್ಸಿಯನ್ನು ಆರಿಸುವವರು ಮಾಲೀಕರು. ಹಣ ಕೊಡುವವರೂ ಅವರೇ. ಉಪಕರಣ ಮಾರಿದ, ಎಎಂಸಿ ಪಡೆದ ಸಂಸ್ಥೆಯೇ ಅದು ಸುಸ್ಥಿತಿಯಲ್ಲಿದೆ ಎಂದು ಪ್ರಮಾಣೀಕರಿಸಲು ಅಡ್ಡಿಯಿಲ್ಲ. ಹುಳುಕು ಬರೆದರೆ ತನ್ನದೇ ನಿರ್ವಹಣೆಯ ಹುಳುಕು ಬರೆದಂತೆ, ಮುಂದಿನ ವರ್ಷದ ಗುತ್ತಿಗೆಗೂ ಸಂಚಕಾರ. ಒಳ್ಳೆಯ ವರದಿ ಕೊಟ್ಟಷ್ಟೂ ಲಾಭವಿರುವವರಿಂದ ಸತ್ಯದ ವರದಿ ಕೇಳುವ ವ್ಯವಸ್ಥೆಯಲ್ಲಿ ಲಂಚವೇ ಬೇಕಾಗಿಲ್ಲ. ಇಡೀ ದೇಶ ಈ ಮಾದರಿಯನ್ನು ಅನುಸರಿಸಲಿ ಎಂದು ಬರೆಯುವವರು ಮೊದಲು ಈ ಗಂಟನ್ನು ಬಿಡಿಸಲಿ.

ಮೂರನೆಯ ಗುಂಪಿನವರು ತಂತ್ರಜ್ಞಾನಪ್ರಿಯರು: ಎಲ್ಲಕ್ಕೂ ಸೆನ್ಸರ್ ಹಾಕಿ, ಮೊಬೈಲಿಗೆ ಸಂದೇಶ ಬರಲಿ. ಬಝರ್ ಆಫ್ ಮಾಡಿ, ಫಾಲ್ಟ್ ದೀಪ ತಿಂಗಳುಗಟ್ಟಲೆ ಉರಿಯುತ್ತಿದ್ದರೂ ನೋಡದ ಅಲಾರಂ ಪ್ಯಾನೆಲ್ಲುಗಳನ್ನು ಕಂಡವರು ಈ ಸಲಹೆಗೆ ಉತ್ತರ ಕೊಡುವ ಶ್ರಮ ಪಡುವುದಿಲ್ಲ. ಸಣ್ಣ ನರ್ಸಿಂಗ್ ಹೋಮುಗಳಿಗೆ ಈ ನಿಯಮಗಳೆಲ್ಲ ಹೊರೆ ಎಂಬ ವೈದ್ಯರ ಅಳಲಿನಲ್ಲಿ ಮಾತ್ರ ಹುರುಳಿದೆ. ಮೂವತ್ತು ವರ್ಷದ ಹಿಂದಿನ ಮನೆಯಲ್ಲಿ ನಡೆಯುವ ಹದಿನೈದು ಹಾಸಿಗೆಯ ಹೆರಿಗೆ ಆಸ್ಪತ್ರೆ ಎರಡನೆಯ ಮೆಟ್ಟಿಲನ್ನು ಎಲ್ಲಿ ಕಟ್ಟಬೇಕು? ಆದರೆ ನಾನು ಹೇಳುತ್ತಿರುವ ಪರೀಕ್ಷೆಗಳಿಗೆ ಬೇಕಾದದ್ದು ತೂಕದ ಯಂತ್ರ, ಒಂದು ಗೇಜು, ಕೈಬರಹದ ಒಂದು ಪುಸ್ತಕ. ಖರ್ಚಿನ ಮಾತನ್ನು ಇಲ್ಲಿ ಎತ್ತುವಂತಿಲ್ಲ.

ಆಸ್ಪತ್ರೆಯನ್ನು ಸಿನಿಮಾ ಮಂದಿರದ ಹಾಗೆ ಅಳೆಯುವುದು ಆಡಿಟ್‌ನ ಇನ್ನೊಂದು ದೊಡ್ಡ ದೋಷ. ಮಂದಿರದಲ್ಲಿ ಗಂಟೆ ಹೊಡೆದರೆ ಜನ ಎದ್ದು ಓಡುತ್ತಾರೆ. ವೆಂಟಿಲೇಟರಿನ ಮೇಲಿರುವವರು ಓಡುವುದಿಲ್ಲ, ವಾರ್ಮರಿನಲ್ಲಿ ಮಲಗಿದ ಮಗು ಅಳುವುದಕ್ಕಿಂತ ಹೆಚ್ಚೇನೂ ಮಾಡಲಾರದು. ಅದಕ್ಕೇ ಆಸ್ಪತ್ರೆಯ ರಕ್ಷಣೆ ಎಂದರೆ ಮೊದಲು ಹೊಗೆಯನ್ನು ಅದು ಹುಟ್ಟಿದ ಕೋಣೆಯಲ್ಲೇ ಕಟ್ಟಿಹಾಕುವುದು, ರೋಗಿಗಳನ್ನು ಅದೇ ಮಹಡಿಯ ಪಕ್ಕದ ಭಾಗಕ್ಕೆ, ಬೆಂಕಿ ತಡೆಯುವ ಬಾಗಿಲಿನ ಆಚೆಗೆ, ಅಡ್ಡಲಾಗಿ ಸರಿಸುವುದು. ಎಎಂಆರ್‌ಐನಲ್ಲಿ 2011ರ ಡಿಸೆಂಬರ್ 9ರ ನಸುಕಿನಲ್ಲಿ ಸುಮಾರು 90 ಮಂದಿ ಸತ್ತದ್ದು ಹೀಗೆ ಕಟ್ಟಿಹಾಕದ ಹೊಗೆಯಿಂದ. ನೆಲಮಾಳಿಗೆಯಲ್ಲಿ ತುಂಬಿಟ್ಟಿದ್ದ ಸಾಮಾನಿಗೆ ಬಿದ್ದ ಬೆಂಕಿ ವಾರ್ಡುಗಳನ್ನು ತಲುಪಲೇ ಇಲ್ಲ, ಎಸಿ ಡಕ್ಟುಗಳಲ್ಲಿ ಹೊಗೆ ತಲುಪಿತು. ಅಲ್ಲಿ ಸೋತದ್ದು ಗೋಡೆಯ ಕೆಂಪು ಸಿಲಿಂಡರ್ ಅಲ್ಲವೇ ಅಲ್ಲ. ಹೊಗೆಯ ಸೂಚನೆ ಸಿಕ್ಕೊಡನೆ ಎಸಿಯ ಗಾಳಿಯಂತ್ರ ತಾನಾಗಿ ನಿಲ್ಲಬೇಕು, ಡಕ್ಟಿನೊಳಗಿನ ಡ್ಯಾಂಪರ್ ಮುಚ್ಚಿಕೊಳ್ಳಬೇಕು. ಇಷ್ಟಾಗಿಯೂ ಇಂದಿನ ನಮ್ಮ ಆಡಿಟ್‌ಗಳ ಪ್ರೀತಿಪಾತ್ರ ಸಿಲಿಂಡರೇ. ಅದು ಕಣ್ಣಿಗೆ ಕಾಣುತ್ತದೆ, ಎಣಿಸಲು ಬರುತ್ತದೆ. ಫಾಲ್ಸ್ ಸೀಲಿಂಗಿನ ಮೇಲಿನ ಡ್ಯಾಂಪರನ್ನು ಏಣಿ ಹಾಕದೆ ನೋಡಲಾಗದು. ಬೆಂಕಿ ಬಾಗಿಲನ್ನು ಟ್ರಾಲಿಗೆ ಅಡ್ಡಿಯೆಂದು ಇಟ್ಟಿಗೆಯೊಂದು ಹಿಡಿದು ನಿಲ್ಲಿಸಿರುತ್ತದೆ. ಐಸಿಯುವಿನ ಆಮ್ಲಜನಕವನ್ನು ಹೊರಗಿನಿಂದ ಮುಚ್ಚುವ ವಾಲ್ವಿನ ಪೆಟ್ಟಿಗೆ ಗೋಡೆಯಲ್ಲಿ ಇರುತ್ತದೆ, ಅದನ್ನು ಮುಚ್ಚುವ ಅಧಿಕಾರ ಯಾರಿಗೆ, ಮುಚ್ಚಿದರೆ ಯಾವ ಹಾಸಿಗೆಗಳ ಉಸಿರು ನಿಲ್ಲುತ್ತದೆ ಎಂದು ರಾತ್ರಿ ಪಾಳಿಯ ಸಿಸ್ಟರನ್ನು ಕೇಳಿ ನೋಡಿ.

ರಾತ್ರಿ ಪಾಳಿ ಎಂದಾಗ ಮೇಲಿನ ದುರಂತಗಳ ಪಟ್ಟಿಯನ್ನು ಗಡಿಯಾರ ಇಟ್ಟುಕೊಂಡು ಮತ್ತೊಮ್ಮೆ ಓದಬೇಕು. ಅಹಮದ್‌ನಗರದ್ದು ಹಗಲು, ಭುವನೇಶ್ವರದ್ದು ಸಂಜೆ. ಉಳಿದವೆಲ್ಲ ರಾತ್ರಿ ಹತ್ತರಿಂದ ನಸುಕಿನ ನಡುವೆ. ನಮ್ಮ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಎನ್‌ಎಬಿಎಚ್‌ನ ಮಾನದಂಡಗಳು ವರ್ಷಕ್ಕೆ ಕನಿಷ್ಠ ಎರಡು ಅಣಕು ಕಾರ್ಯಾಚರಣೆ ಕೇಳುತ್ತವೆ. ಅವು ನಡೆಯುವುದು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ, ಫೋಟೋಗ್ರಾಫರ್ ಸಮೇತ, ಅಗ್ನಿಶಾಮಕ ಸಪ್ತಾಹದ ಏಪ್ರಿಲ್‌ನಲ್ಲಾದರೆ ಬ್ಯಾನರ್ ಸಮೇತ. ಅಮೆರಿಕದಲ್ಲಿ ಇದೇ ಬಗೆಯ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ತನ್ನ ಆಸ್ಪತ್ರೆಗಳಿಗೆ ಮೂರು ತಿಂಗಳಿಗೊಮ್ಮೆ, ಪ್ರತಿ ಪಾಳಿಗೂ ಒಂದೊಂದು ಎಂದು ವಿಧಿಸುತ್ತದೆ. ಮೂರು ಪಾಳಿಯಾದರೆ ವರ್ಷಕ್ಕೆ ಹನ್ನೆರಡು, ಅದರಲ್ಲಿ ನಾಲ್ಕು ರಾತ್ರಿಯವು. ಬ್ರಿಟನ್ನಿನಲ್ಲಿ ವಾರಕ್ಕೊಮ್ಮೆ ಅಲಾರಂ ಬಾರಿಸುತ್ತಾರೆ, ಪ್ರತಿ ವಾರ ಬೇರೆ ಬೇರೆ ಕಾಲ್ ಪಾಯಿಂಟಿನಿಂದ, ಕೊನೆಗೆ ಕಟ್ಟಡದ ಒಂದೂ ಬಿಟ್ಟುಹೋಗದ ಹಾಗೆ. ನಮ್ಮಲ್ಲಿ ಮಾಡಿದರೂ ರಿಸೆಪ್ಷನ್ ಪಕ್ಕದ ಅದೇ ಒಂದು ಗಾಜಿನ ಡಬ್ಬಿ. ಅದು ಚೆನ್ನಾಗಿ ಬಾರಿಸುತ್ತದೆ, ರೂಢಿಯಾಗಿದೆ.

ಆಡಿಟ್‌ನಿಂದ ಏನೂ ಆಗಿಲ್ಲ ಎನ್ನುವುದು ಅನ್ಯಾಯವಾದೀತು. ಮೆಟ್ಟಿಲ ಕೆಳಗಿನ ಹಳೆಯ ಹಾಸಿಗೆಗಳು ಹೊರಗೆ ಹೋಗಿವೆ, ಬೀಗ ಹಾಕಿದ ತುರ್ತು ಬಾಗಿಲುಗಳು ತೆರೆದಿವೆ, ತಂತಿ ಬದಲಾಗಿದೆ. ಇರಲಿ. ಇದಿಷ್ಟೂ ಒಮ್ಮೆ ಆಗುವ ಕೆಲಸ. ಪ್ರತಿ ತಿಂಗಳೂ ಆಗಬೇಕಾದ ಕೆಲಸವನ್ನು ಹೊರಗಿನಿಂದ ಬಂದು ಹೋಗುವ ತಂಡ ಮಾಡಲಾರದು, ಮಾಡಿತೆಂಬ ಭ್ರಮೆಯನ್ನು ಮಾತ್ರ ಹುಟ್ಟಿಸುತ್ತದೆ.

ಬದಲಿಗೆ ಏನು ಎಂದು ಕೇಳುವವರಿಗೆ ನನ್ನ ಉತ್ತರ ಕಾಗದದ ಮೇಲೆ ಬಹಳ ಬಡವಾಗಿ ಕಾಣುತ್ತದೆ. ಸಿಲಿಂಡರ್ ರೀಫಿಲ್‌ಗೆ ಹೋಗುವ ದಿನ ಅದನ್ನು ಗುತ್ತಿಗೆದಾರರ ಅಂಗಳದಲ್ಲಿ ಖಾಲಿ ಮಾಡಬೇಡಿ. ಆ ವಾರ್ಡಿನ ಸಿಸ್ಟರ್, ಆಯಾ, ಸೆಕ್ಯುರಿಟಿಯವರ ಕೈಗೆ ಕೊಟ್ಟು ಆಸ್ಪತ್ರೆಯ ಹಿತ್ತಲಲ್ಲಿ ಹೊಡೆಸಿ. ಪುಡಿ ಬರುತ್ತದೋ ಇಲ್ಲವೋ ಅವರೂ ನೋಡಲಿ, ನೀವೂ ನೋಡಿ, ಬಾರದಿದ್ದುದನ್ನು ಬರೆಯಿರಿ. ಎಎಂಸಿ ಕಂಪನಿಯೇ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿ. ಮಾನ್ಯತೆ ಕೊಡುವ ಸಂಸ್ಥೆಗಳು ಮತ್ತು ಜಿಲ್ಲಾ ಸಮಿತಿಗಳು ಬಂದಾಗ ಮೊದಲು ಕೇಳಬೇಕಾದದ್ದು ಕಳೆದ ಹನ್ನೆರಡು ತಿಂಗಳಲ್ಲಿ ವಿಫಲವಾದ ಪರೀಕ್ಷೆಗಳ ಪಟ್ಟಿ, ಪ್ರತಿಯೊಂದರ ಎದುರು ದುರಸ್ತಿಯಾದ ದಿನಾಂಕ. ಪಟ್ಟಿ ಖಾಲಿಯಿದ್ದರೆ ಆ ಆಸ್ಪತ್ರೆಗೆ ಅಂಕ ಕಡಿಮೆಯಾಗಬೇಕು. ಹೀಗೆ ಮಾಡಿದರೆ ಮೊದಲ ವರ್ಷ ನಮ್ಮ ಒಳ್ಳೆಯ ಆಸ್ಪತ್ರೆಗಳ ರಿಜಿಸ್ಟರುಗಳು ಭಯಂಕರವಾಗಿ ಕಾಣುತ್ತವೆ, ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ, ಆಡಳಿತ ಮಂಡಳಿಗಳು ಎಂಜಿನಿಯರುಗಳನ್ನು ಗದರುತ್ತವೆ. ಕೆಟ್ಟದ್ದನ್ನು ಬರೆದ ಟೆಕ್ನಿಷಿಯನ್ನನ್ನು ಆ ಗದರಿಕೆಯಿಂದ ಕಾಪಾಡುವ ಆಡಳಿತ ನಮ್ಮಲ್ಲಿ ಎಲ್ಲಿಯವರೆಗೆ ಹುಟ್ಟುವುದಿಲ್ಲವೋ ಅಲ್ಲಿಯವರೆಗೆ ಒತ್ತಡ 7.0, ಡೀಸೆಲ್ ಫುಲ್, ಷರಾ ಓಕೆ. ಬರೆದಾತನಿಗೆ ಅದು ಸುಳ್ಳೆಂದು ಗೊತ್ತು, ಸಹಿ ಹಾಕಿದವರಿಗೂ ಗೊತ್ತು. ಗೊತ್ತಿಲ್ಲದೆ ಆ ಕಟ್ಟಡದಲ್ಲಿ ಮಲಗಿರುವವರು ರೋಗಿಗಳು ಮಾತ್ರ.